ಬಣ್ಣ ಬಳಿದರೆ ಹಳೆ ಪದ್ಮಿನಿ ಹೊಸದಾದೀತೇ?

ಪ್ರಶ್ನೆ: ಅಜ್ಜನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು ಮನೆಯಲ್ಲೇ ನಿಂತಿದೆ. ಹೊಸ ಬಣ್ಣ ಹೊಡೆಸಿದರೆ ಸಾಕಲ್ಲವೇ?

ಉತ್ತರ: ಸಾಲದು. ಪದ್ಮಿನಿಗೆ ಪ್ರತ್ಯೇಕ ಚಾಸಿಸ್ ಚೌಕಟ್ಟಿಲ್ಲ. ಬೆಸುಗೆ ಹಾಕಿದ ತಗಡಿನ ಮೈಯೇ ಇಡೀ ಗಾಡಿಯ ಭಾರ ಹೊರುತ್ತದೆ. ಹಾಗಾಗಿ ತುಕ್ಕು ಹಿಡಿದರೆ ಅಂದವಷ್ಟೇ ಅಲ್ಲ, ಬಲವೂ ಹೋಗುತ್ತದೆ. ಸೀಟು, ಮ್ಯಾಟು, ಗಾಜು ಎಲ್ಲ ಬಿಚ್ಚಿಸಿ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ತಳವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತುದಿ ಒಳಗಿಳಿದರೆ ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು. ತೂತಿನ ಮೇಲೆ ಪುಟ್ಟಿ ಮೆತ್ತಿದ ಕೆಲಸ ಒಂದೆರಡು ಮಳೆಗಾಲದಲ್ಲಿ ಬಯಲಾಗುತ್ತದೆ. ಅದಕ್ಕೆ ದಯವಿಟ್ಟು ದುಡ್ಡು ಕೊಡಬೇಡಿ.

ಬಿಚ್ಚುವಾಗ ಹಂತಹಂತಕ್ಕೂ ಫೋಟೊ ತೆಗೆಯಿರಿ, ಬೋಲ್ಟುಗಳ ಪೊಟ್ಟಣಕ್ಕೆ ಚೀಟಿ ಅಂಟಿಸಿ. 1089 ಸಿಸಿ ಎಂಜಿನ್ ಸರಳವಾದದ್ದು, ನಿಧಾನಕ್ಕೆ ನೋಡಬಹುದು. ಅದಕ್ಕಿಂತ ಮೊದಲು ಬ್ರೇಕು: ವರ್ಷಗಟ್ಟಲೆ ನಿಂತ ಗಾಡಿಯ ರಬ್ಬರ್ ಸೀಲು, ಹೋಸುಗಳನ್ನು ನಂಬುವಂತಿಲ್ಲ, ಎಲ್ಲ ಬದಲಿಸಿ. ಸ್ಟಿಯರಿಂಗ್ ಪಕ್ಕದ ಗೇರಿದ್ದರೆ ಹಾಗೇ ಉಳಿಸಿಕೊಳ್ಳಿ, ಅದು ಆ ಕಾರಿನ ಗುರುತು.

ಮುಂಬೈಯ ಕುರ್ಲಾದಲ್ಲಿ ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳೇ ಕಳೆದಿವೆ. ಹಾಗಾಗಿ ಕಳಚಿದ ಹಿಡಿಕೆ, ಬೀಡಿಂಗ್, ಗ್ರಿಲ್ ಯಾವುದನ್ನೂ ಗುಜರಿಗೆ ಹಾಕಬೇಡಿ.