ಸರ್ಟಿಫಿಕೇಟ್ ಯಾರಿಗೆ? ಕಾರಿಗೋ, ವ್ಯಾಪಾರಿಗೋ?

ವೀಕ್ಷಕರೇ, ಹಳೇ ಕಾರು ನೋಡೋಕೆ ಹೋದಾಗ ಮೊದಲು ಏನು ಕೇಳ್ತೀರಿ? ಎಷ್ಟು ಕಿಲೋಮೀಟರ್ ಓಡಿದೆ, ಸಿಂಗಲ್ ಓನರ್ರಾ, ಅಲ್ವಾ? ನಮ್ಮ ಸೋದರಮಾವನ ಜೊತೆ ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದಾಗ ನಾನೂ ಅದನ್ನೇ ಕೇಳಿದೆ. ವ್ಯಾಪಾರಿ ಬಾನೆಟ್ ಮೇಲೆ ಕೈ ತಟ್ಟಿ, "ಚಿಂತಿ ಬಿಡ್ರಿ ಸರ, ಗಾಡಿ ಸರ್ಟಿಫೈಡ್ ಐತ್ರಿ" ಅಂದ. ಯಾರು ಮಾಡಿದ್ದು ಅಂದೆ. "ನಾವ ಮಾಡೇವ್ರಿ!"

ನಗಬೇಡಿ. ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಅದು ಮುಗಿದು ನವೀಕರಣಕ್ಕೆ ಹೋದಾಗ ಫಿಟ್‌ನೆಸ್ ಪರೀಕ್ಷೆ ಆಗುತ್ತೆ. ಅದಕ್ಕೂ ಮೊದಲು ನಾಲ್ಕು ಕೈ ಬದಲಾದರೂ, ಬ್ರೇಕು-ಸ್ಟೀರಿಂಗ್ ಪರೀಕ್ಷಿಸಿದ ಸರ್ಕಾರಿ ಸರ್ಟಿಫಿಕೇಟ್ ಕೊಟ್ಟೇ ಮಾರಬೇಕು ಅನ್ನುವ ನಿಯಮ ನಮ್ಮಲ್ಲಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರು ಪ್ರತಿ ವರ್ಷ ಎಂಒಟಿ ಪರೀಕ್ಷೆಗೆ ನಿಲ್ಲಬೇಕು. ಇಲ್ಲಿ 'ಸರ್ಟಿಫೈಡ್' ಅಂದರೆ ಬಹುತೇಕ ಮಾರುವವನ ಮಾತು, ಅಷ್ಟೇ. ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ.

ಹಾಗಾದರೆ ಕಾನೂನು ಯಾರಿಗೆ ಸರ್ಟಿಫಿಕೇಟ್ ಕೊಡುತ್ತೆ? ವ್ಯಾಪಾರಿಗೆ. ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು, 2023ರ ಏಪ್ರಿಲ್ 1ರಿಂದ ಜಾರಿ. ಹಳೇ ವಾಹನ ಮಾರುವವನು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಅದೇ ಫಾರಂ 29ಬಿ, ಐದು ವರ್ಷದ ಅವಧಿ. ತನ್ನ ಹತ್ತಿರ ಬಂದ ಗಾಡಿಯನ್ನು ಅವನು ಟೆಸ್ಟ್ ಡ್ರೈವ್, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಪ್ರತಿ ಓಡಾಟದ ಲೆಕ್ಕವನ್ನೂ ಇಡಬೇಕು.

ಕೊಳ್ಳುವವರಿಗಿಂತ ಮಾರುವವರಿಗೆ ಇದು ದೊಡ್ಡ ವಿಷಯ. ನಮ್ಮ ಮಾವ ತನ್ನ ಹಳೇ ಗಾಡಿ ಕೊಟ್ಟು, ಖಾಲಿ ಫಾರಂ 29, 30ಕ್ಕೆ ಸಹಿ ಹಾಕೋಕೆ ಪೆನ್ನು ತೆಗೆದಿದ್ದ. ಹಿಡಿದು ನಿಲ್ಲಿಸಿದೆ. ಯಾಕೆ ಗೊತ್ತಾ? ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗಿತ್ತು, ಆರ್‌ಸಿಯಲ್ಲಿ ಮಾತ್ರ ಹಳೇ ಹೆಸರೇ ಇತ್ತು. ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವನದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಾಡಿ ಮಾರಿ ದುಡ್ಡು ಖರ್ಚು ಮಾಡಿ ಮರೆತವನ ಮನೆಗೆ ನೋಟಿಸ್!

ಅದಕ್ಕೇ ಫಾರಂ 29ಸಿ. ಅಧಿಕೃತ ವ್ಯಾಪಾರಿಗೆ ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸುವ ಫಾರಂ. ಅದರ ಸ್ವೀಕೃತಿ ಬಂತು ಅಂದರೆ, ಅಲ್ಲಿಂದ ಮುಂದೆ ವ್ಯಾಪಾರಿಯೇ ಮಾಲೀಕ ಅಂತ ಲೆಕ್ಕ, ಆ ಗಾಡಿಯಿಂದಾಗುವ ಅನಾಹುತಕ್ಕೂ ಅವನೇ ಹೊಣೆ. ಕೆಎ 25 ಇರಲಿ, ಕೆಎ 63 ಇರಲಿ, ಆ ಸ್ವೀಕೃತಿ ಕೈಗೆ ಬಾರದೆ ಕೀಲಿ ಕೊಡಬೇಡಿ. ಆದರೆ ನೆನಪಿರಲಿ, 29ಬಿ ಇಲ್ಲದವನ ಹತ್ತಿರ ಈ 29ಸಿ ನಡೆಯೋದಿಲ್ಲ.

ನಾನು ಅವತ್ತು ಕೇಳಿಯೇಬಿಟ್ಟೆ: "ನಿಮ್ಮ 29ಬಿ ತೋರಿಸ್ರಿ." ವ್ಯಾಪಾರಿ ಹುಡುಗನ ಕಡೆ ತಿರುಗಿ, "ಏ ತಮ್ಮಾ, ಸಾಹೇಬ್ರಿಗೆ ಎರಡು ಚಾ ತಗೊಂಬಾ" ಅಂದ. ಚಾ ಕುಡಿದು, ನಮ್ಮ ಗಾಡಿಯಲ್ಲೇ ವಾಪಸ್ ಬಂದ್ವಿ.