ಹಣ ಕೊಟ್ಟು ದಣಿಯುವವರು

ಚಿಕ್ಕೋಡಿಯಿಂದ ಅಂಕಲಿಯ ಕಡೆಗೆ ಹೋಗುವ ಹಾದಿಯಲ್ಲಿ, ಇನ್ನೂ ಮಬ್ಬು ಹರಿಯದ ಹೊತ್ತಿನಲ್ಲಿ, ನಾನು ಒಬ್ಬನೇ ಓಡುತ್ತಿದ್ದೆ. ಹಿಂದಿನಿಂದ ಬಂದ ಮೋಟಾರು ಸೈಕಲ್ಲೊಂದು ಪಕ್ಕಕ್ಕೆ ನಿಂತಿತು. ಹಾಲಿನ ಕ್ಯಾನುಗಳನ್ನು ಎರಡೂ ಬದಿಗೆ ತೂಗುಹಾಕಿಕೊಂಡಿದ್ದ ಹಿರಿಯರೊಬ್ಬರು ಗಾಬರಿಯಿಂದ ಕೇಳಿದರು: "ಯಾಕ್ರೀ ಮಾಸ್ತರ, ಯಾರ ಮನ್ಯಾಗ ಏನಾತು? ಹತ್ರಿ, ಬಿಡ್ತೀನಿ."

ಏನೂ ಆಗಿಲ್ಲವೆಂದು ಹೇಳಿ ಅವರನ್ನು ನಂಬಿಸುವುದು ಓಡುವುದಕ್ಕಿಂತ ಕಷ್ಟವಾಯಿತು. ನಮ್ಮ ಕಡೆ ದೊಡ್ಡವರು ಓಡುವುದಕ್ಕೆ ಒಂದು ಕಾರಣ ಬೇಕು. ಸಾವು, ಹೆರಿಗೆ, ತಪ್ಪಿಹೋಗಲಿರುವ ಬಸ್ಸು, ಬಿಟ್ಟುಹೋದ ಎತ್ತು. ಇವಾವುವೂ ಇಲ್ಲದೆ ನಾಲ್ವತ್ತು ದಾಟಿದ ಹೈಸ್ಕೂಲು ಮಾಸ್ತರನೊಬ್ಬ ಚಡ್ಡಿ ತೊಟ್ಟು ಓಡುವುದೆಂದರೆ ಜನ ಸಂಶಯಪಡುವುದು ಸಹಜವೇ. ಅವರು ಹೊರಟುಹೋದ ಮೇಲೂ ಎರಡು ಬಾರಿ ಹೊರಳಿ ನೋಡಿದರು.

ನನ್ನ ಗುರಿ ಈಜು, ಸೈಕಲ್ಲು, ಓಟ ಈ ಮೂರನ್ನೂ ಒಂದೇ ದಿನ, ಒಂದರ ಬೆನ್ನಿಗೆ ಒಂದರಂತೆ ಮುಗಿಸುವ ಟ್ರಯತ್ಲಾನ್ ಎಂಬ ಸ್ಪರ್ಧೆ. ಮನೆಯಲ್ಲಿ ಈ ವಿಚಾರವನ್ನು ಮೊದಲು ತಿಳಿಸಿದ ದಿನ ತಂದೆಯವರು ಗೋದಲಿಯ ಬಳಿ ಮೇವು ಹಾಕುತ್ತಿದ್ದರು. ಪ್ರವೇಶ ಶುಲ್ಕವೆಷ್ಟೆಂದು ಕೇಳಿದರು, ಹೇಳಿದೆ. ಕೂಲಿಯವನ ತಿಂಗಳ ಸಂಪಾದನೆಗಿಂತ ಅದು ಕಡಿಮೆಯದಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರೊಕ್ಕಾ ಕೊಟ್ಟು ದಣಿಯೂದು ನಾ ಎಲ್ಲೂ ಕೇಳಿದ್ದಿಲ್ಲ ತಮ್ಮಾ" ಎಂದರು. ಅಂದಿನಿಂದ ಇಂದಿನವರೆಗೆ ಆ ಮಾತಿಗೆ ನನ್ನಲ್ಲಿ ತಕ್ಕ ಉತ್ತರ ಹುಟ್ಟಿಲ್ಲ. ಈ ಬರಹವೂ ಉತ್ತರವಲ್ಲ.

ಸ್ಪರ್ಧೆಯ ಹುಟ್ಟನ್ನು ಕುರಿತು ಎರಡು ಮಾತು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಮಡದಿ ಜೂಡಿ, ಹವಾಯಿಯಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಪಂದ್ಯಗಳನ್ನು ಒಂದೇ ಸರಕ್ಕೆ ಪೋಣಿಸಿದರು. 1978ರ ಫೆಬ್ರುವರಿ 18ರಂದು ಹೊರಟವರು 15 ಜನ, ಮುಟ್ಟಿದವರು 12 ಜನ. ಗಾರ್ಡನ್ ಹ್ಯಾಲರ್ ಎಂಬವರು 11 ಗಂಟೆ 46 ನಿಮಿಷಗಳಲ್ಲಿ ಮೊದಲಿಗರಾದರು. 3.8 ಕಿಲೋಮೀಟರು ಈಜು, 180 ಕಿಲೋಮೀಟರು ಸೈಕಲ್ಲು, ಕೊನೆಗೆ 42.2 ಕಿಲೋಮೀಟರಿನ ಪೂರ್ಣ ಮ್ಯಾರಥಾನು: ಇದೇ 'ಐರನ್‌ಮ್ಯಾನ್' ಎಂದು ಜಗತ್ತು ಹೆಸರಿಸಿದ ಸ್ಪರ್ಧೆ. ಇದರ ಅರ್ಧದಷ್ಟು ದೂರದ ಸ್ಪರ್ಧೆ 2019ರಲ್ಲಿ ಪಣಜಿಯ ಮಿರಾಮಾರ್ ದಂಡೆಯಲ್ಲಿ ಮೊದಲ ಬಾರಿಗೆ ನಡೆಯಿತು. ಅಲ್ಲಿ 1.9 ಕಿಲೋಮೀಟರು ಕಡಲಿನಲ್ಲಿ ಈಜಿ, 90 ಕಿಲೋಮೀಟರು ಸೈಕಲ್ಲು ತುಳಿದು, 21.1 ಕಿಲೋಮೀಟರು ಓಡಬೇಕು. ಎಲ್ಲವೂ ಎಂಟೂವರೆ ಗಂಟೆಯೊಳಗೆ. ಚೋರ್ಲಾ ಘಾಟು ಇಳಿದರೆ ಗೋವೆ. ನಮ್ಮ ಭಾಗದವರ ಮನಸ್ಸು ಅತ್ತ ಹರಿದುದರಲ್ಲಿ ಆಶ್ಚರ್ಯವಿಲ್ಲ.

ಸಾಧನೆಗೆ ನಮ್ಮ ನೆಲ ಒಳ್ಳೆಯದೋ ಕೆಟ್ಟದೋ ಎಂದು ಕೇಳಿದರೆ, ಎರಡೂ ಹೌದು. ಸೈಕಲ್ಲಿನ ಸುತ್ತಿಗೆ ಇಂಥ ಪ್ರದೇಶ ಬೇರೊಂದಿಲ್ಲವೆಂದು ನನ್ನ ಅಭಿಮಾನ. ಚಿಕ್ಕೋಡಿಯಿಂದ ಹೊರಟು ಅಂಕಲಿ, ಮಾಂಜರಿಗಳ ನಡುವೆ ಕೃಷ್ಣೆಯನ್ನು ದಾಟಿ ಕಾಗವಾಡ ಸೇರುವುದು. ಅಲ್ಲಿಂದ ಉಗಾರಕ್ಕೆ ಬಂದು, ಕುಡಚಿಯ ಬಳಿ ಅದೇ ಕೃಷ್ಣೆಯನ್ನು ಮತ್ತೊಮ್ಮೆ ದಾಟಿ, ರಾಯಬಾಗದ ಮೇಲೆ ಮನೆಗೆ ಮರಳುವುದು. ಸ್ಪರ್ಧೆಯ 90 ಕಿಲೋಮೀಟರಿಗೆ ಕಡಿಮೆಯಾಗದ ಸುತ್ತು ಇದು. ಏರು ಬೇಕೆಂದಾದರೆ ನಿಪ್ಪಾಣಿಗೆ ಹೋಗಿ ಸ್ತವನಿಧಿಯ ಘಾಟನ್ನು ಹತ್ತಿ ಇಳಿಯಬಹುದು. ಏರಿಲ್ಲದ, ನೆರಳಿಲ್ಲದ, ಎದುರುಗಾಳಿಯ ದಾರಿ ಬೇಕೆಂದಾದರೆ ಕಾಗವಾಡದಿಂದ ಅಥಣಿಯ ಕಡೆಗೆ ತಿರುಗಿದರಾಯಿತು. ಕರಿಯ ಭೂಮಿಯ ಬಯಲಿನಲ್ಲಿ ಗಾಳಿಯೇ ಘಾಟು. ಓಟಕ್ಕೆ ನಾನು ಚಿಕ್ಕೋಡಿ ರೋಡ್ ನಿಲ್ದಾಣವನ್ನು ಆರಿಸಿಕೊಂಡಿದ್ದೆ. ರೈಲು ನಮ್ಮ ಊರಿನ ಹೆಸರನ್ನು ಮಾತ್ರ ತೆಗೆದುಕೊಂಡು ಊರನ್ನು ಬಿಟ್ಟು ದೂರದಲ್ಲಿ ಹಾದುಹೋಗುತ್ತದೆ. ಓಡಿ ಹೋಗಿ ಓಡಿ ಮರಳಿದರೆ ಅರ್ಧ ಮ್ಯಾರಥಾನಿಗಿಂತ ಹೆಚ್ಚೇ ಆಗುವುದರಿಂದ, ಆ ರೈಲಿನವರ ಮೇಲೆ ನನಗಿದ್ದ ಹಳೆಯ ಸಿಟ್ಟು ಈಗ ಇಳಿದಿದೆ.

ತೊಡಕಿದ್ದುದು ನೀರಿನಲ್ಲಿ. ಕೃಷ್ಣಾ, ದೂಧಗಂಗಾ, ವೇದಗಂಗಾ ಎಂದು ಹೊಳೆಗಳನ್ನು ಎಣಿಸುವ ನಾಡು ನಮ್ಮದು. ಈಜುವುದಕ್ಕೆ ಮಾತ್ರ ನೀರಿಲ್ಲ! ಸ್ಪರ್ಧೆ ಮಳೆಗಾಲದ ಬೆನ್ನಿಗೇ ಬರುವುದರಿಂದ ಸಾಧನೆಯ ತಿಂಗಳುಗಳೆಲ್ಲ ಹೊಳೆ ತುಂಬಿದ ತಿಂಗಳುಗಳು. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಕೆಳಮಟ್ಟದ ಸೇತುವೆಗಳು ಮುಳುಗಿ ದಂಡೆಯ ಊರುಗಳೇ ಎತ್ತರಕ್ಕೆ ಹೋಗಬೇಕಾಯಿತು. ನೆರೆ ಇಳಿದ ಮೇಲೆ ಈಜೋಣವೆಂದರೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಆದುದರಿಂದ ಉಳಿದುದು ನಮ್ಮ ತೋಟದ ಬಾವಿ. ಬಾಲ್ಯದಲ್ಲಿ ನಡುವಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಈಜು ಕಲಿತದ್ದೂ ಅದರಲ್ಲಿಯೇ. ಬಾವಿಯ ಅಗಲ 40 ಅಡಿ, ಎಂದರೆ 12 ಮೀಟರು. 1900 ಮೀಟರು ಆಗಬೇಕಾದರೆ ಗೋಡೆಯಿಂದ ಗೋಡೆಗೆ 158 ಸಲ. ಎಣಿಕೆ ತಪ್ಪಬಾರದೆಂದು ಮೆಟ್ಟಿಲ ಮೇಲೆ ಹುಣಿಸೆ ಬೀಜಗಳನ್ನಿಟ್ಟುಕೊಂಡಿದ್ದೆ. ಹತ್ತು ಸಲಕ್ಕೊಂದು ಬೀಜ. ಎರಡು ತಿಂಗಳಲ್ಲಿ ದೂರ ಕೈವಶವಾಯಿತೆಂದು ನಾನು ಬೀಗಿದೆ.

ಹವ್ಯಾಸಿ ಎಂಬ ಮಾತನ್ನು ನಾವು ಹೆಚ್ಚಾಗಿ ನಾಟಕದವರಿಗೆ ಬಳಸುತ್ತೇವೆ. ಹಗಲು ಕಚೇರಿ, ರಾತ್ರಿ ತಾಲೀಮು. ಆಟದ ಹವ್ಯಾಸಿಯ ಪಾಡೂ ಅದೇ. ಅವನಿಗೆ ಕೊರತೆಯಿರುವುದು ಬಲದ್ದಲ್ಲ, ವೇಳೆಯದು. ಅರ್ಧದೂರದ ಸ್ಪರ್ಧೆಗೇ ವಾರಕ್ಕೆ ಎಂಟು ಹತ್ತು ಗಂಟೆ ಬೇಕು. ಅವನ್ನು ನಿದ್ರೆಯಿಂದ, ಹೆಂಡತಿ ಮಕ್ಕಳ ಭಾನುವಾರದಿಂದ ಕಡ ತರಬೇಕು. ಬೆಂಗಳೂರಿನಲ್ಲಿ ಸ್ವಂತ ಸಂಸ್ಥೆಯನ್ನು ನಡೆಸುತ್ತಲೇ ಅಭ್ಯಾಸ ಮಾಡಿದ ಅನು ವೈದ್ಯನಾಥನ್ ಅವರು 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಸ್ಪರ್ಧೆಯಲ್ಲಿ ಮೂರು ದಿನಗಳಲ್ಲಿ 10 ಕಿಲೋಮೀಟರು ಈಜಿ, 420 ಕಿಲೋಮೀಟರು ಸೈಕಲ್ಲು ತುಳಿದು, 84 ಕಿಲೋಮೀಟರು ಓಡಿದರು. ನನ್ನನ್ನು ಬೆರಗುಗೊಳಿಸಿದ್ದು ಆ ದೂರವಲ್ಲ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅಷ್ಟು ಗಂಟೆಗಳನ್ನು ಅವರು ಎಲ್ಲಿಂದ ತಂದರೆಂಬುದು.

ಆಹಾರದ ವಿಷಯದಲ್ಲಿ ಒಂದು ತಮಾಷೆಯನ್ನು ಹೇಳಬೇಕು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಅರ್ಧ ಕಿಲೋಗ್ರಾಂ. ಬಿಡದೆ ದುಡಿದರೆ ಎರಡು ಮೂರು ಗಂಟೆಗಳಲ್ಲಿ ಅದು ತೀರುತ್ತದೆ. ತೀರಿದೊಡನೆ ಕಾಲು ಕಿತ್ತಿಡಲಾಗದು. ಆದುದರಿಂದ ದಾರಿಯಲ್ಲಿಯೇ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಶ ಒಳಗೆ ಹೋಗಬೇಕು. ಬರಿಯ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಉಪ್ಪು ತೆಳುವಾಗಿ ಅಪಾಯ, ಉಪ್ಪೂ ಬೇಕು. ಇದಕ್ಕಾಗಿ ಪರದೇಶದ ಅಂಟಿನಂಥ ಪದಾರ್ಥವನ್ನು ಸಣ್ಣ ಪೊಟ್ಟಣದಲ್ಲಿ ಮಾರುತ್ತಾರೆ. ಸುತ್ತ ನಾಲ್ಕು ದಿಕ್ಕಿಗೂ ಕಬ್ಬು ಬೆಳೆಯುವ ನಾಡಿನಲ್ಲಿ ಕುಳಿತು ನಾನು ಅದನ್ನು ಅಂಚೆಯಲ್ಲಿ ತರಿಸಿದೆ! ಮಡದಿ ಪೊಟ್ಟಣವನ್ನು ಹರಿದು, ನಾಲಿಗೆಗಿಟ್ಟು ನೋಡಿ, ಮಾತಾಡದೆ ಒಳಗೆ ಹೋಗಿ ಬೆಲ್ಲ, ಶೇಂಗಾ, ಚಿಟಿಕೆ ಉಪ್ಪು ಕುಟ್ಟಿ ಉಂಡೆ ಕಟ್ಟಿಕೊಟ್ಟಳು. ಓಡುವಾಗ ಶೇಂಗಾ ಹೊಟ್ಟೆಗೆ ಭಾರವೆಂಬುದು ಮುಂದೆ ತಿಳಿಯಿತು; ಸೈಕಲ್ಲಿನ ಮೇಲೆ ಮಾತ್ರ ಅದಕ್ಕೆ ಸಾಟಿಯಿಲ್ಲ.

ಮೊದಲ ವರ್ಷ ನಾನು ಸೋತೆ. ಸೋತದ್ದು ಕಡಲಿನಲ್ಲಿ, ಮುನ್ನೂರು ಮೀಟರು ದಾಟುವಷ್ಟರಲ್ಲಿ. ಉಬ್ಬರದ ನೀರು ಬಾಯಿಗೆ ನುಗ್ಗಿ ಉಸಿರು ಕಟ್ಟಿದಾಗ ನನಗರಿವಿಲ್ಲದೆ ಕೈ ಗೋಡೆಯನ್ನು ಹುಡುಕಿತು. ಗೋಡೆಯಿರಲಿಲ್ಲ. ಬಾವಿಯಲ್ಲಿ ನಾನು 1900 ಮೀಟರು ಈಜಿದ್ದೆನೆಂಬುದು ಸುಳ್ಳು. 12 ಮೀಟರು ಈಜಿ, ಗೋಡೆಯನ್ನು ಒದ್ದು, ಒಂದು ಕ್ಷಣ ಉಸಿರು ತಿರುಗಿಸಿಕೊಂಡು, ಹಾಗೆ 158 ಬಾರಿ ವಿಶ್ರಮಿಸಿದ್ದೆ ಅಷ್ಟೆ. ಕಾವಲಿನ ದೋಣಿಯನ್ನು ಹಿಡಿದು ತೇಲಿ ಮತ್ತೆ ಹೊರಟೆನಾದರೂ, ದಂಡೆ ಮುಟ್ಟುವ ಹೊತ್ತಿಗೆ ಈಜಿನ ಗಡುವು ಮೀರಿತ್ತು. ಸೈಕಲ್ಲು ನಿಲ್ಲಿಸಿದಲ್ಲೇ ನಿಂತಿತ್ತು. ಅದನ್ನು ಹಾಗೆಯೇ ಹೊತ್ತುಕೊಂಡು ಊರಿಗೆ ಬಂದೆ. ಶಾಲೆಯಲ್ಲಿ ಹುಡುಗರು ಏನನ್ನೂ ಕೇಳಲಿಲ್ಲ; ಕೇಳಬಾರದೆಂದು ತಮ್ಮೊಳಗೇ ಗೊತ್ತುಮಾಡಿಕೊಂಡಿದ್ದರೆಂದು ಕಾಣುತ್ತದೆ. ಅದು ಇನ್ನೂ ಚುಚ್ಚಿತು.

ಆ ಚಳಿಗಾಲದಲ್ಲಿ ನಾನು ಓಡುವುದನ್ನು ಬಿಟ್ಟು ಓಡಿದವರ ವಿಷಯವನ್ನು ಓದುತ್ತಿದ್ದೆ. ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಹೆಸರು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? 1919ರ ಸುಮಾರಿಗೆ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡೆಗಳನ್ನು ನೋಡಿದ ದೊರಾಬ್ಜಿ ಟಾಟಾ ಅವರು ಒಂದು ಸಂಗತಿಯನ್ನು ಗಮನಿಸಿದರು. ಹೊಲದ ದುಡಿಮೆಯ ಮಕ್ಕಳು, ಬರಿಗಾಲಿನವರು, ತರಬೇತಿಯ ಗಂಧವಿಲ್ಲದವರು. ಆದರೆ ಅವರ ಓಟದ ವೇಳೆ ಯುರೋಪಿನವರ ಲೆಕ್ಕಕ್ಕೆ ಬಹಳ ಹಿಂದೆ ಬೀಳುವಂತಿರಲಿಲ್ಲ. ಮುಂಬಯಿ ಪ್ರಾಂತದ ಗವರ್ನರ್ ಲಾರ್ಡ್ ಲಾಯ್ಡ್ ಅವರ ಬೆಂಬಲವೂ ದೊರೆತು, 1920ರಲ್ಲಿ ಭಾರತದ ಮೊದಲ ತಂಡ ಬೆಲ್ಜಿಯಮ್ಮಿನ ಆಂಟ್ವರ್ಪ್ ಒಲಿಂಪಿಕ್ಸಿಗೆ ಹೋಯಿತು. ಆಗಸ್ಟ್ 22ರಂದು ನಡೆದ ಮ್ಯಾರಥಾನಿನಲ್ಲಿ ನಮ್ಮವರು ಇಬ್ಬರು: ಚೌಗುಲೆ ಮತ್ತು ಸದಾಶಿವ ದಾತಾರ. ಅಂದಿನ ದಾರಿ ಇಂದಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿನಷ್ಟು ಉದ್ದ, 42.75 ಕಿಲೋಮೀಟರು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮಾಯ್ನೆನ್ 2 ಗಂಟೆ 32 ನಿಮಿಷಗಳಲ್ಲಿ ಗೆದ್ದರು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಟ್ಟಿ 19ನೆಯವರಾದರು.

ಹತ್ತೊಂಬತ್ತನೆಯ ಸ್ಥಾನಕ್ಕೆ ಪದಕವಿಲ್ಲ, ನಿಜ. ಆದರೆ ಇಂದಿನ ಬೂಟು, ಇಂದಿನ ಆಹಾರ, ಕೈಗಡಿಯಾರದಲ್ಲಿ ಎದೆಬಡಿತದ ಲೆಕ್ಕ ಇಷ್ಟೆಲ್ಲ ಇಟ್ಟುಕೊಂಡ ನನ್ನಂಥ ಹವ್ಯಾಸಿಗಳಲ್ಲಿ ಮ್ಯಾರಥಾನನ್ನು ಮೂರು ಗಂಟೆಯೊಳಗೆ ಓಡುವವರು ತೀರ ವಿರಳ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಟಾಟಾ ಅವರು ಅಂದು ಗಡಿಯಾರವನ್ನು ನೋಡದೆ ಇದ್ದಿದ್ದರೆ? ಆ ಕಾಲುಗಳು ಆಗಲೂ ಅಷ್ಟೇ ಓಡುತ್ತಿದ್ದವು, ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕಬ್ಬಿನ ಹಂಗಾಮು ಆರಂಭವಾದಾಗ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಉಗಾರದ ದಾರಿಯಲ್ಲಿ ನಸುಕಿನಲ್ಲಿ ನಾನು ಸೈಕಲ್ಲಿನ ದೀಪ ಹಚ್ಚಿಕೊಂಡು ಹೋಗುವಾಗ, ಬೀಡ ಜಿಲ್ಲೆಯಿಂದ ಬಂದ ಕಬ್ಬು ಕಡಿಯುವ ಗ್ಯಾಂಗಿನವರು ಅದಾಗಲೇ ಒಂದು ಗಾಡಿ ತುಂಬಿರುತ್ತಾರೆ. ಹೆಂಗಸರು ತಲೆಯ ಮೇಲೆ ಹೊರೆಯಿಟ್ಟು, ಟ್ರೇಲರಿಗೆ ಚಾಚಿದ ಹಲಗೆಯನ್ನು ಹತ್ತಿ ಇಳಿಯುತ್ತಿರುತ್ತಾರೆ. ಅವರು ದಿನಕ್ಕೆಷ್ಟು ಹತ್ತಿದರು, ಎಷ್ಟು ಇಳಿದರು, ಎದೆ ಎಷ್ಟು ಬಡಿಯಿತು? ಯಾವ ಗಡಿಯಾರವೂ ಬರೆದಿಡದು. ಒಮ್ಮೆ ಆ ಹಲಗೆಯ ಬಳಿಯೇ ಗಾಲಿ ಪಂಕ್ಚರಾಗಿ ನಿಂತಿದ್ದೆ. ಒಬ್ಬಾಕೆ ನನ್ನ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ಇಷ್ಟು ಹಗುರವೇ ಎಂದು ಮರಾಠಿಯಲ್ಲಿ ಬೆರಗುಪಟ್ಟು, ಬೆಲೆ ಕೇಳಿದಳು. ನಾನು ಅರ್ಧ ಬೆಲೆಯನ್ನು ಹೇಳಿದೆ. ಅದನ್ನೂ ಅವಳು ನಂಬಲಿಲ್ಲ.

ಇನ್ನು ತಂದೆಯವರ ಮಾತು. ಅವರು ಹನ್ನೊಂದು ಯುಗಾದಿಗಳಿಗೆ ಕಂಬಿಯ ಹಿಂದೆ ನಡೆದು ಶ್ರೀಶೈಲಕ್ಕೆ ಹೋದವರು. ನಮ್ಮ ಚಿಕ್ಕೋಡಿ, ಅಥಣಿ, ರಾಯಬಾಗದ ಕಡೆಯ ಹಳ್ಳಿಗಳಿಂದ ಸುಡುಬಿಸಿಲಿನಲ್ಲಿ ಹೊರಟು, ಸುಮಾರು 500 ಕಿಲೋಮೀಟರು ನಡೆದು, ಕೊನೆಗೆ ನಲ್ಲಮಲೆಯ ಕಾಡು ಹೊಕ್ಕು ಭೀಮನಕೊಳ್ಳವನ್ನು ಇಳಿದು ಏರಿ ಮಲ್ಲಯ್ಯನ ಮುಂದೆ ನಿಲ್ಲುವ ಜನ ಇವರು. ಅಥಣಿಯ ಚಮ್ಮಾರರು ಹೊಲಿದ ಚಪ್ಪಲಿ ಕೆಲವರ ಕಾಲಲ್ಲಿ, ಹಲವರದು ಬರಿಗಾಲು. ಅಂಗಾಲು ಗುಳ್ಳೆಯೆದ್ದರೆ ದಾರಿಯ ಹಳ್ಳಿಯವರು ಬಿಸಿನೀರು ಎರೆದು, ಎಣ್ಣೆ ಹಚ್ಚಿ, ಉಣ್ಣಲಿಕ್ಕಿ ಕಳಿಸುತ್ತಾರೆ. ದಣಿಯುವುದಕ್ಕೆ ಅವರು ರೊಕ್ಕ ಕೊಡುವುದಿಲ್ಲ, ಪಡೆಯುವುದೂ ಇಲ್ಲ. ಎಷ್ಟು ದಿನ ಹಿಡಿಯಿತೆಂದು ನಾನು ಕೇಳಿದಾಗಲೆಲ್ಲ ತಂದೆಯವರು ಬೇರೆ ಬೇರೆ ಲೆಕ್ಕ ಹೇಳಿದ್ದಾರೆ.

ಎರಡನೆಯ ವರ್ಷ ಬಾವಿಯಲ್ಲಿ ನಾನು ಗೋಡೆಯನ್ನು ಮುಟ್ಟದೆ ಗಾಣದೆತ್ತಿನಂತೆ ಸುತ್ತು ಹಾಕುತ್ತ ಈಜಿದೆ. ಭಾನುವಾರಗಳಂದು ನಿಪ್ಪಾಣಿಯ ಮೇಲೆ ಕೊಲ್ಹಾಪುರಕ್ಕೆ ಹೋಗಿ ರಾಜಾರಾಮ ತಲಾವಿನ ತೆರೆದ ನೀರಿನಲ್ಲಿ ದಂಡೆ ಕಾಣದಷ್ಟು ದೂರ ಹೋಗಿ ಬಂದೆ. ಮತ್ತೆ ಗೋವೆ, ಮತ್ತೆ ಕಡಲು. ಈಜಿನಲ್ಲಿ ಗಡುವಿಗೆ ನಾಲ್ಕು ನಿಮಿಷ ಉಳಿದಿತ್ತು. ಸೈಕಲ್ಲು ಚೆನ್ನಾಗಿ ಸಾಗಿತು. ಸೈಕಲ್ಲಿನಿಂದ ಇಳಿದೊಡನೆ ಕಾಲು ಯಾರವೋ ಎಂಬಂತಾಗುವುದು ಎಲ್ಲರಿಗೂ ಉಂಟು. ಓಟದ ಕೊನೆಯ ಏಳು ಕಿಲೋಮೀಟರುಗಳಲ್ಲಿ ನಾನು ನಡೆದದ್ದೇ ಹೆಚ್ಚು. 8 ಗಂಟೆ 19 ನಿಮಿಷ.

ಮರುದಿನ ಸಂಜೆ ಊರು ಸೇರಿದಾಗ ತಂದೆಯವರು ಗೋದಲಿಯ ಹತ್ತಿರವೇ ಇದ್ದರು. ಕೊರಳಿನ ಪದಕವನ್ನು ತೆಗೆದು ಕೈಗಿತ್ತೆ. ತೂಗಿ ನೋಡಿ ಹಿಂದಕ್ಕೆ ಕೊಟ್ಟರು. ಎಷ್ಟು ಹೊತ್ತು ಹಿಡಿಯಿತೆಂದು ಕೇಳಲಿಲ್ಲ.

"ದಾರ್ಯಾಗ ನೀರು ಕೊಡಾವರು ಇದ್ರೇನು?"

"ಇದ್ರು ಅಪ್ಪಾ. ಎರಡು ಕಿಲೋಮೀಟರಿಗೊಬ್ರು ನಿಂತಿದ್ರು. ಕಾಲೇಜು ಹುಡುಗ್ರು. ತಲೀ ಮ್ಯಾಲ ನೀರು ಸುರದ್ರು, ಬಾಳೆಹಣ್ಣು ಕೊಟ್ರು."

"ಪಗಾರದವರೇನು?"

"ಅಲ್ಲ. ತಾವಾಗೇ ಬಂದಾವರು."

"ಹಂಗಾರ ಚಲೋ ಆತು" ಎಂದು ಅವರು ಮೇವಿನ ಸಿವುಡನ್ನು ಬಿಚ್ಚತೊಡಗಿದರು.