ಕಪ್ಪು ಪರದೆಯ ಏಳು ಚೌಕಗಳು

ಕಳೆದ ಮಳೆಗಾಲದಲ್ಲಿ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿದ್ದಾಗ, ಪರಿಚಿತರೊಬ್ಬರ ಅಂಗಡಿಯ ಹಳೆಯ ಲಿನಕ್ಸ್ ಗಣಕವು ಎಂದಿನ ಚಿತ್ರಮಯ ಮುಖವನ್ನು ತೋರದೆ ಬರಿಯ ಕಪ್ಪು ಪರದೆಯಾಗಿ ನಿಂತಿತ್ತು. "ಎಲ್ಲಾ ಹೋತೇನ್ರಿ ಸರ? ಆರು ತಿಂಗಳ ಉದ್ರಿ ಲೆಕ್ಕ ಐತ್ರಿ ಅದರಾಗ" ಎಂದು ಅವರು ಕಳವಳಗೊಂಡರು. ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒತ್ತಿಹಿಡಿದು ಎಫ್3 ಅದುಮಿದೆನು. ಬಳಕೆದಾರನ ಹೆಸರನ್ನು ಕೇಳುವ ಒಂದು ಸಾಲು ಮೂಡಿತು.

ಇದಕ್ಕೆ ವರ್ಚುವಲ್ ಕನ್ಸೋಲ್ ಎಂದು ಹೆಸರು. ಇರುವುದು ಒಂದೇ ಕೀಲಿಮಣೆ, ಒಂದೇ ಪರದೆಯಾದರೂ, ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್ ಅವುಗಳ ಹಿಂದೆ ಪರಸ್ಪರ ಸ್ವತಂತ್ರವಾದ ಹಲವು ಪಠ್ಯಪರದೆಗಳನ್ನು ಪೋಷಿಸುತ್ತದೆ. ಲಿನಕ್ಸಿನಲ್ಲಿ ಇವು 63ರವರೆಗೆ ಇರಬಹುದಾದರೂ ಸಾಮಾನ್ಯವಾಗಿ ಸಿದ್ಧವಾಗಿರುವುವು 6. ಕಿಟಕಿಗಳ ಲೋಕವೆಲ್ಲ ಕುಸಿದಾಗಲೂ ಇವು ಬಹುಮಟ್ಟಿಗೆ ಎಚ್ಚತ್ತೇ ಇರುತ್ತವೆ. ಅಂದಿನ ದೋಷ ಅಲ್ಪವಾದುದು: ಡಿಸ್ಕ್ ತುಂಬಿ ತುಳುಕಿತ್ತು. ಬೇಡದ ಹಳೆಯ ಕಡತಗಳನ್ನು ಅಳಿಸುವುದಕ್ಕೆ ಎರಡು ಆಜ್ಞೆಗಳು ಸಾಕಾದುವು.

ಅಕ್ಷರಗಳು ಇರುವೆಯಂತೆ ಸಣ್ಣಗಿದ್ದುದರಿಂದ ಸೆಟ್‌ಫಾಂಟ್ ಎಂಬ ಆಜ್ಞೆಯಿಂದ ದೊಡ್ಡ ಟರ್ಮಿನಸ್ ಅಕ್ಷರಗಳನ್ನು ತರಿಸಿದೆನು. ಗಣಕದ ಸೇವೆಗಳನ್ನು ಆರಂಭಿಸಿ ನಡೆಸುವ ಸಿಸ್ಟಂಡಿ ಉಳ್ಳ ಹಲವು ವ್ಯವಸ್ಥೆಗಳಲ್ಲಿ ವಿಕನ್ಸೋಲ್.ಕಾನ್ಫ್ ಎಂಬ ಕಡತದಲ್ಲಿ ಒಂದು ಸಾಲು ಬರೆದರೆ ಈ ಏರ್ಪಾಡು ಸ್ಥಿರವಾಗುತ್ತದೆ, ಕೀಲಿಮಣೆಯ ವಿನ್ಯಾಸವೂ ಅಲ್ಲಿಯೇ ನಿಶ್ಚಯವಾಗುತ್ತದೆ.

ಆದರೆ ಕಡತಗಳ ಪಟ್ಟಿಯನ್ನು ಕೇಳಿದಾಗ ನನ್ನ ಮನಸ್ಸು ಮುದುಡಿತು. ಸಗಟು ವ್ಯಾಪಾರಿಗಳ ಲೆಕ್ಕಕ್ಕೆ 'ಬೆಳಗಾವಿ' ಎಂದೂ ಊರ ಗಿರಾಕಿಗಳ ಲೆಕ್ಕಕ್ಕೆ 'ಖಾನಾಪುರ' ಎಂದೂ ಅವರು ಹೆಸರಿಟ್ಟಿದ್ದರು. ಕಣ್ಣಿಗೆ ನಾಲ್ಕು ನಾಲ್ಕು ಅಕ್ಷರಗಳಾದ ಈ ಹೆಸರುಗಳು ಯೂನಿಕೋಡಿನಲ್ಲಿ ಸ್ವರಚಿಹ್ನೆಗಳೂ ಸೇರಿ ಏಳೇಳು ಸಂಕೇತಗಳು. ಆದುದರಿಂದ ಕಪ್ಪು ಪರದೆಯ ಮೇಲೆ ಎರಡೂ ಏಳೇಳು ಚೌಕಗಳಾಗಿ, ಒಂದನ್ನೊಂದು ಹೋಲುತ್ತ ನಿಂತಿದ್ದುವು. ಅಂಗಡಿಯ ಫಲಕದಲ್ಲಿ ಕನ್ನಡದೊಡನಿದ್ದ ಮರಾಠಿಗೂ ಈ ಪರದೆಯಲ್ಲಿ ಇದೇ ಗತಿ.

ಕಾರಣ ಸ್ಪಷ್ಟವಾಗಿದೆ. ಈ ಕನ್ಸೋಲಿನ ಅಕ್ಷರಕೋಶದಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಮಾತ್ರ ಸ್ಥಳವುಂಟು, ಒಂದೊಂದು ಸಂಕೇತಕ್ಕೂ ಸಮಾನ ಅಗಲದ ಒಂದೊಂದು ಮನೆ. ನಮ್ಮ 34 ವ್ಯಂಜನಗಳಿಗೆ ಕಾಗುಣಿತದ 13 ರೂಪಗಳಂತೆ ಲೆಕ್ಕಹಾಕಿದರೆ 442 ಆಗುತ್ತವೆ; ಉಳಿದ 70ರಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆಗಳೇ ಹಿಡಿಯಲಾರವು; ಇನ್ನು ಒತ್ತಕ್ಷರಗಳನ್ನು ಎಲ್ಲಿ ಕೂರಿಸೋಣ? ಸಂಕೇತಗಳನ್ನು ಕೂಡಿಸಿ ಒಂದು ಅಕ್ಷರವಾಗಿ ಹೆಣೆಯುವ ವಿದ್ಯೆಯೂ ಕರ್ನೆಲಿಗೆ ತಿಳಿಯದು.

ಆದರೂ ಪಠ್ಯಪರದೆಯಲ್ಲಿ ಕನ್ನಡ ಅಸಾಧ್ಯವೆಂದು ನಾನು ಒಪ್ಪಲಾರೆ. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು, ಡಾಸ್ ಯುಗದ ಪಠ್ಯಪರದೆಯ ಮೇಲೆಯೇ ಭಾರತೀಯ ಲಿಪಿಗಳನ್ನು ಮೂಡಿಸಿತ್ತು. ಕನ್ಸೋಲನ್ನು ಕರ್ನೆಲಿನಿಂದ ಹೊರತಂದು, ಲಿಪಿಜೋಡಣೆ ಬಲ್ಲ ಪ್ಯಾಂಗೊ ತಂತ್ರಾಂಶದ ನೆರವು ಪಡೆಯುವ ಕೆಎಂಎಸ್‌ಕಾನ್ ಎಂಬ ಯತ್ನವೂ ನಡೆದಿದೆ. ಆ ಹಾದಿಯಲ್ಲಿ ಕನ್ನಡದ ತರುಣರು ದುಡಿಯಬೇಕೆಂಬುದು ನನ್ನ ಹಂಬಲ.

ಅಂದು ಮಾತ್ರ ಅಂಗಡಿಯವರು ಪರದೆಗೆ ಮುಖವೊಡ್ಡಿ, ಚೌಕಗಳ ಪಕ್ಕದ ದಿನಾಂಕವನ್ನು ಓದಿ, "ಇದs ನೋಡ್ರಿ, ಸಂತಿ ದಿನಾ ಬರದದ್ದು" ಎಂದು ಬೆರಳಿಟ್ಟು ತೋರಿದರು.